ಮೈಮೇಲೆ ಇಟ್ಟ ಅಕ್ಷರಗಳು

ಅವ್ವ ಪೂಜೆಗೆ ಕುಳಿತರೆ ಮೊದಲು ತನ್ನ ಮೈಯನ್ನೇ ಮುಟ್ಟಿಕೊಳ್ಳುತ್ತಿದ್ದಳು. ಹಣೆಗೆ ಅಂ, ಮುಖದ ಸುತ್ತ ಆಂ, ಬಲಗಣ್ಣಿಗೆ ಇಂ, ಎಡಗಣ್ಣಿಗೆ ಈಂ. ಹೀಗೆ ಅಕಾರದಿಂದ ಕ್ಷಕಾರದವರೆಗೆ ಒಂದೊಂದು ಅಕ್ಷರವನ್ನೂ ಒಂದೊಂದು ಅಂಗದ ಮೇಲೆ ಇಡುವುದಕ್ಕೆ ನ್ಯಾಸ ಎನ್ನುತ್ತಾರೆ. ಅಕ್ಷರಗಳೇ ದೇವಿ ಎಂಬುದು ಅವಳಿಗೆ ಅತ್ತೆಯಿಂದ ಬಂದ ಉಪದೇಶ. ಬಸವಕಲ್ಯಾಣದ ಆ ಮನೆಯಲ್ಲಿ ನಾನೂ ತಮ್ಮನೂ ಬಾಗಿಲ ಮರೆಗೆ ನಿಂತು, ಅವ್ವ ಸೊಳ್ಳೆ ಹುಡುಕುತ್ತಿದ್ದಾಳೆಂದು ಕಿಸಕ್ಕನೆ ನಗುತ್ತಿದ್ದೆವು. ಅವಳಿಗೆ ಕೇಳಿಸುತ್ತಿತ್ತು, ಆದರೂ ಸಿಟ್ಟಾಗುತ್ತಿರಲಿಲ್ಲ.

"ದೇವಿ ಮೊದಲ ಮೈಯಾಗ ಬಂದು ಕೂಡಬೇಕು, ಆಮ್ಯಾಲ ತಾಮ್ರದಾಗ," ಎನ್ನುತ್ತ ತಾಮ್ರದ ತಗಡಿನಲ್ಲಿ ಕೊರೆದ ಶ್ರೀಚಕ್ರಕ್ಕೆ ಕುಂಕುಮ ಏರಿಸತೊಡಗುತ್ತಿದ್ದಳು. ನನಗೆ ಆ ತಗಡು ಅಷ್ಟಕ್ಕಷ್ಟೆ. ತ್ರಿಕೋನದೊಳಗೆ ತ್ರಿಕೋನ ನೋಡಿದರೆ ತಲೆ ತಿರುಗುತ್ತಿತ್ತು.

ಹೋದ ವರ್ಷ ಅವ್ವನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು, ಬಾಯಿ ಸೊಟ್ಟಗಾಯಿತು, ಮಾತು ನಿಂತಿತು. ಆಸ್ಪತ್ರೆಯಿಂದ ಅವಳನ್ನು ಹುಮನಾಬಾದಿನ ನನ್ನ ಮನೆಗೇ ಕರೆತಂದೆ.

"ಎಲ್ಲಾ ತಿಳೀತದ್ರಿ ಅವರಿಗಿ. ಮಾತು ಬಂದ್ರ ಬರ್ತದ, ಇಲ್ಲಂದ್ರ ಇಲ್ಲ. ಆ ಕೈಗಿ ಮಾತ್ರ ದಿನಾ ಕಸರತ್ತ ಮಾಡಸ್ರಿ," ಎಂದರು ಡಾಕ್ಟರು.

ನನಗೆ ಬೇಕಾಗಿದ್ದದ್ದು ಒಂದೇ. ಅವ್ವ ಇನ್ನೊಮ್ಮೆ ನನ್ನ ಹೆಸರು ಹಿಡಿದು ಕರೆಯಬೇಕು. ಅವಳ ಬಾಯಿ ಅದಕ್ಕಾಗಿ ಹೆಣಗುವುದನ್ನು ದಿನವೂ ನೋಡುತ್ತಿದ್ದೆ. ತುಟಿ ಅದುರುತ್ತಿತ್ತು, ಬರೀ ಉಸಿರು ಬರುತ್ತಿತ್ತು. ಕೈಗೆ ಕಸರತ್ತು ಮಾಡಿಸಲು ಹೋದರೆ ಮುಖ ಗೋಡೆಗೆ ತಿರುಗಿಸುತ್ತಿದ್ದಳು. ನಾನು ಮೊದಲೇ ಸಿಡುಕಿ. "ಹಿಂಗ ಹಟ ಮಾಡಿದ್ರ ಹ್ಯಾಂಗ ಅವ್ವಾ?" ಎಂದು ಜೋರು ಮಾಡುತ್ತಿದ್ದೆ, ಆಮೇಲೆ ಅಡುಗೆಮನೆಗೆ ಹೋಗಿ ಅಳುತ್ತಿದ್ದೆ.

ಒಂದು ಬೆಳಿಗ್ಗೆ ತಮ್ಮ ಬಸವಕಲ್ಯಾಣದಿಂದ ಬಂದ. ಶ್ರೀಚಕ್ರವನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ತಂದಿದ್ದ.

"ಪೂಜಿ ಇಲ್ದ ಹಾಂಗೇ ಇಡಬಾರದಂತ ಅಕ್ಕಾ. ಯಾರಿಗಾರ ಕೊಟ್ಟಬಿಡಮೇನು?"

ಬಟ್ಟೆ ಬಿಚ್ಚಿ ಅವ್ವನ ಮುಂದಿಟ್ಟೆವು. ಅವಳ ಎಡಗೈ ಹಣೆಯ ಕಡೆಗೆ ಎದ್ದು ಅರ್ಧದಲ್ಲೇ ನಿಂತು ಮತ್ತೆ ಮಡಿಲಿಗೆ ಬಿತ್ತು. ಎಡಗೈಯಿಂದ ದೇವಿಯ ಕೆಲಸ ಮಾಡುವ ಹೆಂಗಸಲ್ಲ ಅವಳು. ಕಣ್ಣಿಂದ ನೀರು ಇಳಿಯತೊಡಗಿತು. ಆಗ ನನಗೆ ಗೊತ್ತಾಯಿತು. ಕೈ ಹೋದದ್ದಕ್ಕಿಂತ ನ್ಯಾಸ ಹೋದದ್ದು ಅವಳನ್ನು ಕೊರೆಯುತ್ತಿತ್ತು.

ಅವಳ ಎದುರು ಕುಳಿತು ಆ ಸತ್ತ ಬಲಗೈಯನ್ನು ಎತ್ತಿದೆ. ಜೋಳದ ಚೀಲದ ಹಾಗೆ ಭಾರವಾಗಿತ್ತು. ಅದನ್ನು ಅವಳ ಹಣೆಗೆ ಮುಟ್ಟಿಸಿ "ಅಂ" ಎಂದೆ. ಮುಖದ ಸುತ್ತ ಆಡಿಸಿ "ಆಂ" ಎಂದೆ. ಅವ್ವ ಅಳು ನಿಲ್ಲಿಸಿ ನನ್ನನ್ನೇ ನೋಡಿದಳು. ಕಣ್ಣಿಗೆ ಬಂದೆ, "ಇಂ" ಎಂದೆ. ಎದುರು ಕುಳಿತಿದ್ದೆನಲ್ಲ, ನನ್ನ ಬಲ ಅವಳಿಗೆ ಎಡವಾಗಿತ್ತು. ಕೈಯನ್ನು ಎಡಗಣ್ಣಿನ ಮೇಲೆ ಇಟ್ಟಿದ್ದೆ.

ಅವ್ವ ತಲೆ ಕೊಡವಿದಳು. ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದು ಬಲಗಣ್ಣಿಗೆ ಎಳೆದಳು. ಆ ಸೊಟ್ಟ ಬಾಯಿಂದ ಸ್ಪಷ್ಟವಾಗಿ ಬಂತು:

"ಇಂ."

ತಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡ. ಆ ಕೈಯನ್ನು ಎಡಗಣ್ಣಿಗೆ ಒಯ್ದೆ. "ಈಂ" ಎಂದಳು. ಬಲಗಿವಿ, "ಉಂ". ಎಡಗಿವಿ, "ಊಂ". ನಾನು ಬಾಯಿ ಮುಚ್ಚಿದೆ. ಮುಂದಿನದೆಲ್ಲ ಅವಳೇ ಹೇಳಿದಳು, ಒಂದೂ ತಪ್ಪಲಿಲ್ಲ. ಕೊನೆಯ ಕ್ಷಂ ಬರುವ ಹೊತ್ತಿಗೆ ಆ ಮಂಚದ ಮೇಲೆ ಕುಳಿತವಳು ನನ್ನ ಅವ್ವನೋ ಬೇರೆ ಯಾರೋ ಎಂದು ಹೆದರಿಕೆಯಾಯಿತು, ಅವಳ ಕಾಲು ಮುಟ್ಟಿ ನಮಸ್ಕಾರ ಮಾಡಿದೆ.

"ಹಳೇ ರೂಢಿ ಮಿದುಳಿನ್ಯಾಗ ಬ್ಯಾರೆ ಕಡಿ ಉಳಿದಿರ್ತದ್ರಿ," ಎಂದು ಡಾಕ್ಟರು ಆಮೇಲೆ ತಿಳಿಸಿ ಹೇಳಿದರು. ಅದು ನಿಜವೇ ಇರಬೇಕು. ಗೊತ್ತಾದ ಮೇಲೂ ನನ್ನ ಬೆರಗೇನೂ ಇಳಿಯಲಿಲ್ಲ.

ಅಂದಿನಿಂದ ದಿನಾ ನ್ಯಾಸ ಮಾಡಿಸಿದೆ. ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಹಳ್ಳಿಖೇಡದ ಸಕ್ಕರೆ ಕಾರ್ಖಾನೆಯ ಕಡೆ ಹೋಗುವ ಹೊತ್ತಿಗೆ ನಮ್ಮ ಅಕ್ಷರಗಳು ಮುಗಿದಿರುತ್ತಿದ್ದವು. ಆದರೆ ಅವ್ವನಿಗೆ ಅಕ್ಷರ ಬಂದವೇ ಹೊರತು ಮಾತು ಬರಲಿಲ್ಲ. ನೀರು ಬೇಕಾದರೆ ಲೋಟ ತೋರಿಸುತ್ತಿದ್ದಳು. ನನ್ನ ಹೆಸರಂತೂ ಬರಲೇ ಇಲ್ಲ.

ಚಳಿ ಮುಗಿದ ಮೇಲೆ ಅವ್ವನನ್ನು ಬಸವಕಲ್ಯಾಣಕ್ಕೆ ಒಯ್ಯಲು ತಮ್ಮ ಕಾರು ತಂದ. ಹೊರಡುವಾಗ ನಾನು ನೆಲಕ್ಕೆ ಕುಳಿತು ಅವಳ ಕಾಲಿಗೆ ಚಪ್ಪಲಿ ಹಾಕುತ್ತಿದ್ದೆ. ಅವಳ ತುಟಿ ಅದುರಿತು. ನನ್ನ ಹೆಸರಿಗಾಗಿಯೇ ಹೆಣಗುತ್ತಿದ್ದಳು, ಉಸಿರಷ್ಟೇ ಬಂತು. ಆಮೇಲೆ ಅವಳು ಎಡಗೈಯಿಂದ ತನ್ನ ಬಲಗೈಯನ್ನು ಎತ್ತಿ ನನ್ನ ಹಣೆಯ ಮೇಲೆ ಇಟ್ಟಳು.

"ಅಂ."

"ಜಲ್ದಿ ನಡಿ ಅವ್ವಾ, ಬಿಸಲ ಏರ್ತದ," ಎಂದ ತಮ್ಮ, ನೋಡಿ ಕಾರಿನ ಬಾಗಿಲು ಮತ್ತೆ ಮುಚ್ಚಿದ.

ಕಣ್ಣು, ಕಿವಿ, ತುಟಿ, ಭುಜ. ಕೈ ಎಟುಕದ ಪಾದಗಳಿಗೆ ಕಣ್ಣಲ್ಲೇ ಇಟ್ಟಳು. ದೇವಿಯನ್ನು ತನ್ನ ಮೈಯಲ್ಲಿ ಕೂಡಿಸಿಕೊಂಡ ಹಾಗೇ ನನ್ನ ಮೈಯಲ್ಲೂ ಕೂಡಿಸುತ್ತಿದ್ದಳು. ಎದೆಗೆ ಬರುವ ಯಕಾರದಿಂದಲೇ ನನ್ನ ಹೆಸರು ಶುರುವಾಗುತ್ತದೆ. ಅಲ್ಲಿಗೆ ಬಂದಾಗ ಅವ್ವನ ಕೈ ನಿಂತಿತು. ನನ್ನ ಮುಖ ನೋಡಿದಳು. ಆ ಅಕ್ಷರವನ್ನೇ ಇನ್ನೊಮ್ಮೆ ಹೇಳಿದಳು, ಮತ್ತೊಮ್ಮೆ ಹೇಳಿದಳು.

"ಓ ಅವ್ವಾ," ಎಂದೆ, "ಇಲ್ಲೇ ಅದೀನಿ."