ನಾನು ಆರಿಸಿದ ಹುಡುಗಿಯರು

ಕಾಲೇಜಿನ ಕೊನೆಯ ವರ್ಷದಲ್ಲಿ ಮಂಡಿಗೆ ಪೆಟ್ಟು ಬಿದ್ದು ನನ್ನ ಹಾಕಿ ಆಟ ಮುಗಿಯಿತು. ಆಮೇಲೆ ಇಂದಿರಾನಗರದ ಒಂದು ಟ್ರಾವೆಲ್ ಆಫೀಸಿನಲ್ಲಿ ಟಿಕೆಟ್ ಬುಕ್ ಮಾಡುವ ಕೆಲಸಕ್ಕೆ ಸೇರಿದೆ. ಆದರೂ ಭಾನುವಾರ ಬಂತೆಂದರೆ ಮನೆಯಲ್ಲಿ ಕೂರಲಾಗುತ್ತಿರಲಿಲ್ಲ. ಹೊರಮಾವಿನಿಂದ ಬಸ್ಸು ಹಿಡಿದು ಎಲ್ಲಿ ಮ್ಯಾಚ್ ಇದೆಯೋ ಅಲ್ಲಿಗೆ ಹೋಗುತ್ತಿದ್ದೆ. ಬಾಣಸವಾಡಿಯಿಂದ ನನ್ನ ಗೆಳತಿಯೂ ಬರುತ್ತಿದ್ದಳು. ನಮ್ಮ ಕಾಲೇಜು ತಂಡದ ಗೋಲ್‌ಕೀಪರ್ ಆಗಿದ್ದವಳು ಅವಳು. ಮದುವೆಯಾಗಿ ಆಟ ಬಿಟ್ಟಿದ್ದರೂ ಆಟದ ಮಾತು ಬಿಟ್ಟಿರಲಿಲ್ಲ. ಮ್ಯಾಚ್ ಮುಗಿದ ಮೇಲೆ ಇಬ್ಬರೂ ಶಿವಾಜಿನಗರಕ್ಕೆ ಹೋಗಿ ಭಾಯಿಯ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದೆವು. ಭಾಯಿಯದು ಆಟದ ಸಾಮಾನಿನ ಅಂಗಡಿ. ಸ್ಕೂಲಿನ ದಿನಗಳಿಂದ ನಮ್ಮ ಸ್ಟಿಕ್ಕುಗಳ ಹಿಡಿಗೆ ಪಟ್ಟಿ ಸುತ್ತಿಕೊಟ್ಟವರು ಅವರೇ.

ಆಗ ತಾನೇ ಬ್ರೌಸಿಂಗ್ ಸೆಂಟರುಗಳು ಬೀದಿಗೊಂದು ಹುಟ್ಟಿಕೊಂಡಿದ್ದವು. ಗೆಳತಿಯ ತಮ್ಮ ಅಲ್ಲಿ ಕೂತು ಒಂದು ಕ್ರಿಕೆಟ್ ಆಟ ಆಡುತ್ತಿದ್ದ. ನಿಜವಾದ ಆಟಗಾರರನ್ನು ಆರಿಸಿ ನಮ್ಮದೇ ಒಂದು ತಂಡ ಕಟ್ಟಬೇಕು. ಅವರು ಮೈದಾನದಲ್ಲಿ ರನ್ ಹೊಡೆದರೆ ನಮಗೆ ಪಾಯಿಂಟು.

"ನಮ್ ಹಾಕಿಗೂ ಮಾಡ್ಕೊಳ್ಳೋಣ ಕಣೆ," ಎಂದಳು ಗೆಳತಿ. "ದೊಡ್ಡೋರು ಬೇಡ. ಜೂನಿಯರ್ ಹುಡ್ಗೀರು. ಯಾರು ಮುಂದೆ ಬರ್ತಾರೆ ಅಂತ ನಾವೇ ಹೇಳ್ಬೇಕು."

ಭಾಯಿಗೆ ಇದು ಬಹಳ ಹಿಡಿಸಿತು. ಅಂಗಡಿಯ ಷಟರಿನ ಒಳಮೈಯಲ್ಲಿ ಸೀಮೆಸುಣ್ಣದಿಂದ ಮೂರು ಗೆರೆ ಎಳೆದು, ಒಬ್ಬೊಬ್ಬರ ಗೆರೆಯ ಕೆಳಗೂ ಅವರವರು ಆರಿಸಿದ ನಾಲ್ವರು ಹುಡುಗಿಯರ ಹೆಸರು ಬರೆದರು. ಗೋಲಿಗೆ ಇಷ್ಟು, ಗೋಲು ತಡೆದರೆ ಇಷ್ಟು, ರಾಜ್ಯದ ಕ್ಯಾಂಪಿಗೆ ಕರೆ ಬಂದರೆ ಎಲ್ಲಕ್ಕಿಂತ ಹೆಚ್ಚು. ಹುಡುಗಿಯರಿಗೆ ಮಾತ್ರ ಯಾರೂ ಹೇಳಕೂಡದು. ಷಟರ್ ಕೆಳಗೆಳೆದಾಗ ಒಳಗಿದ್ದವರಿಗೆ ಹೆಸರುಗಳು ಕಾಣಿಸುತ್ತಿದ್ದವು, ಮೇಲೆತ್ತಿದಾಗ ಸುತ್ತಿಕೊಂಡು ಒಳಗೆ ಹೋಗುತ್ತಿದ್ದವು.

ನಾನು ಇದನ್ನು ಆಟದಂತೆ ಆಡಲಿಲ್ಲ. ಆರಿಸಿದ ದಿನದಿಂದ ಆ ಹುಡುಗಿಯರ ಹೆಸರು ನನ್ನೊಳಗೆ ಓಡುತ್ತಲೇ ಇರುತ್ತಿತ್ತು. ಮುಂಬಯಿಗೆ ಟಿಕೆಟ್ ಕೇಳಿದವರಿಗೆ ರೇಟು ಹೇಳುತ್ತಿರುವಾಗಲೂ, ನಾನು ಆರಿಸಿದ್ದ ಫ್ರೇಜರ್ ಟೌನಿನ ಹುಡುಗಿ ಚೆಂಡನ್ನು ಇನ್ನೂ ಒಂದು ಕ್ಷಣ ಇಟ್ಟುಕೊಳ್ಳಬೇಕಿತ್ತು ಎಂದು ಯೋಚಿಸುತ್ತಿದ್ದೆ.

ಮೊದಲು ಬಿದ್ದವಳು ಅವಳೇ. ಮುಂದಿನ ಸಾಲಿನಲ್ಲಿ ಆಡುವವಳು. ಚೆಂಡು ಹಿಡಿದು ನೇರವಾಗಿ ಓಡುತ್ತಿದ್ದವಳು ಯಾವ ಕಾರಣವೂ ಇಲ್ಲದೆ ನಿಂತು ನಾವು ಕೂತಿದ್ದ ಕಡೆ ತಿರುಗಿದಳು. ಕ್ಲಾಸಿನಲ್ಲಿ ಹಾಜರಿ ಕರೆದಾಗ ತಲೆ ಎತ್ತುತ್ತಾರಲ್ಲ, ಹಾಗೆ. ಅಷ್ಟರಲ್ಲಿ ಎದುರಿನವಳ ಸ್ಟಿಕ್ಕು ಬಾಯಿಗೆ ಬಡಿದು ಹಲ್ಲು ಹೋಯಿತು. ನಮಗೆ ಪಾಪ ಅನಿಸಿತು, ಬೇರೇನೂ ಅನಿಸಲಿಲ್ಲ. ಆಟದಲ್ಲಿ ಇದೆಲ್ಲ ಇದ್ದದ್ದೇ.

ಕೆ.ಆರ್. ಪುರದ ರೈಲ್ವೆ ಕ್ವಾರ್ಟರ್ಸಿನ ಹುಡುಗಿಯೂ ಹಾಗೇ ಬಿದ್ದಳು. ಓಡುತ್ತಿದ್ದವಳು ನಿಂತಳು, ನನ್ನ ಕಡೆ ತಿರುಗಿದಳು, ಕಾಲು ಮಡಚಿಕೊಂಡಿತು. ಅವಳು ನೆಲದ ಮೇಲೆ ಕೂತು ಪಾದ ಹಿಡಿದುಕೊಂಡಾಗಲೂ ನನ್ನನ್ನೇ ನೋಡುತ್ತಿದ್ದಳು. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ.

ಮೂರನೆಯದು ಹಲಸೂರು ಕೆರೆಯ ಆಚೆಗಿನ ಮಿಲಿಟರಿ ಮೈದಾನದಲ್ಲಿ. ಈ ಸಲ ತಿರುಗಿದವಳೂ ನಾನು ಆರಿಸಿದ ಹುಡುಗಿಯೇ, ಅವಳ ಹುಬ್ಬಿಗೆ ಚೆಂಡು ಬಡಿಯಿತು. ಬಟ್ಟೆ ಒತ್ತಿಕೊಂಡು ಅವಳನ್ನು ಹೊರಗೆ ಕರೆತರುವಾಗ ಅವಳು ಕೋಚಿಗೆ ಹೇಳಿದ್ದು ನಮಗೂ ಕೇಳಿಸಿತು.

"ಯಾರೋ ನನ್ ಹೆಸ್ರು ಕೂಗಿದ್ರು ಸರ್."

ಗೆಳತಿ ನನ್ನ ಮುಖ ನೋಡಿದಳು. "ನೀನು ಕೂಗಿದ್ಯಾ?"

"ಬಾಯ್ತುಂಬ ಕಡ್ಲೆಕಾಯಿ ಇದೆ. ಹೆಂಗೆ ಕೂಗ್ಲಿ?"

ಅವಳು ನಗಲಿಲ್ಲ. ನನ್ನ ಪಕ್ಕದಿಂದ ಎದ್ದು ಒಂದು ಮೆಟ್ಟಿಲು ಕೆಳಗೆ ಹೋಗಿ ಕೂತಳು. ಆ ವಾರ ಭಾಯಿಯ ಅಂಗಡಿಯಲ್ಲಿ ಚಹಾ ಕುಡಿಯುವಾಗ ಷಟರಿನ ಮಾತು ಯಾರೂ ಎತ್ತಲಿಲ್ಲ.

ನನ್ನ ಗೆರೆಯ ಕೆಳಗೆ ಈಗ ಉಳಿದವಳು ಒಬ್ಬಳೇ, ಹಿಂದಿನ ಸಾಲಿನಲ್ಲಿ ಫುಲ್‌ಬ್ಯಾಕ್ ಆಡುವ ಲಿಂಗರಾಜಪುರದ ಹುಡುಗಿ. ನಾಲ್ವರಲ್ಲಿ ಅವಳೇ ಗಟ್ಟಿ. ಪೆನಾಲ್ಟಿ ಕಾರ್ನರಿನಲ್ಲಿ ಅವಳು ಹೊಡೆದ ಚೆಂಡು ಗೋಲಿನ ಹಲಗೆಗೆ ಬಡಿದ ಸದ್ದು ರಸ್ತೆಯವರೆಗೂ ಕೇಳಿಸುತ್ತಿತ್ತು. ರಾಜ್ಯದ ಆಯ್ಕೆಗೆ ಕೆಲವೇ ವಾರಗಳಿದ್ದವು.

ಒಂದು ಮಧ್ಯಾಹ್ನ ಆಫೀಸಿಗೆ ಒಬ್ಬ ಹೆಂಗಸು ಬಂದು ನನ್ನ ಮುಂದಿನ ಕುರ್ಚಿಯಲ್ಲಿ ಕೂತರು. ಹತ್ತಿಯ ಸೀರೆ, ಬೆರಳಿಗೆ ಹೊಲಿಗೆಯವರು ಹಾಕುವ ಟೋಪಿ. ಅದನ್ನು ತೆಗೆಯುವುದನ್ನು ಮರೆತು ಬಂದಿದ್ದರೇನೋ. ಟಿಕೆಟ್ ಎಲ್ಲಿಗೆ ಎಂದು ಕೇಳಿದೆ.

"ಟಿಕೆಟ್ ಬೇಡಮ್ಮ. ನನ್ ಮಗ್ಳನ್ನ ಬಿಟ್ಬಿಡಿ."

ಲಿಂಗರಾಜಪುರದ ಹುಡುಗಿಯ ತಾಯಿ. ಸ್ಟಿಕ್ಕು ರಿಪೇರಿಗೆ ಕೊಡಲು ಭಾಯಿಯ ಅಂಗಡಿಗೆ ಹೋದಾಗ ಷಟರ್ ಅರ್ಧ ಇಳಿದಿತ್ತಂತೆ. ಮಗಳ ಹೆಸರು ಕಂಡು ಕೇಳಿದರು. ಭಾಯಿ ಸುಳ್ಳು ಹೇಳುವವರಲ್ಲ, ನನ್ನ ಹೆಸರನ್ನೂ ಆಫೀಸನ್ನೂ ಹೇಳಿಬಿಟ್ಟಿದ್ದರು.

"ಅದು ಸುಮ್ನೆ ಆಟ ಅಮ್ಮ," ಎಂದೆ.

"ಆಟಾನೇ ಇರ್ಲಿ. ನನ್ ಮಗ್ಳಿಗೆ ಗ್ರೌಂಡಲ್ಲಿ ಯಾರೋ ಕೂಗೋದು ಕೇಳ್ಸುತ್ತೆ ಅಂತಾಳೆ."

"ಬೇರೆ ಹುಡ್ಗೀರ್ ವಿಷ್ಯ ಕೇಳಿ ಹೆದ್ರಿರ್ಬೇಕು."

"ಅದೆಲ್ಲ ಆಗೋಕೆ ಮುಂಚೇನೇ ಹೇಳ್ತಿದ್ಲು. ಮನೇಲಿ ಕೇಳ್ಸಲ್ಲ, ಸ್ಕೂಲಲ್ಲಿ ಕೇಳ್ಸಲ್ಲ. ಗ್ರೌಂಡಲ್ಲಿ ಮಾತ್ರ. ಮಂಗ್ಳವಾರ ಪ್ರಾಕ್ಟೀಸಲ್ಲಿ ಎರಡು ಸಲಿ ಕೇಳ್ಸಿದೆ. ಒಂದು ಹೆಂಗ್ಸಿನ ದನಿ."

"ಮಂಗ್ಳವಾರ ನಾನು ಆ ಕಡೆ ಬಂದೇ ಇಲ್ಲ."

"ಗೊತ್ತು. ಏನ್ ಮಾಡ್ತಿದ್ರಿ ಅವತ್ತು ಸಾಯಂಕಾಲ?"

ಬಸ್ಸಿನಲ್ಲಿದ್ದೆ. ಕಿಟಕಿಗೆ ತಲೆ ಆನಿಸಿಕೊಂಡು, ಆ ಹುಡುಗಿ ಹೊಡೆಯುವ ಮುಂಚೆ ಎಡಗಾಲು ಇನ್ನೂ ಸ್ವಲ್ಪ ಮುಂದಿಡಬೇಕು ಎಂದು ಯೋಚಿಸುತ್ತಿದ್ದೆ. ಹೆಸರು ಹಿಡಿದು, ಎದುರಿಗೆ ನಿಂತು ಹೇಳುತ್ತಿರುವಂತೆ. ಇದನ್ನು ಆ ತಾಯಿಗೆ ಹೇಳಲಿಲ್ಲ.

"ಬಿಡ್ತೀನಿ," ಎಂದೆ. ಆಕೆ ಕೈ ಮುಗಿದು ಎದ್ದರು. ಅಡವಿಟ್ಟ ಒಡವೆ ಬಿಡಿಸಿಕೊಂಡವರಂತೆ ಬೇಗ ಬೇಗ ಮೆಟ್ಟಿಲಿಳಿದರು.

ಆ ಸಂಜೆಯೇ ಭಾಯಿಯ ಅಂಗಡಿಗೆ ಹೋಗಿ ಹೆಸರು ಒರೆಸಿದೆ. ಗೆಳತಿ ಅದನ್ನು ತನ್ನ ಗೆರೆಯ ಕೆಳಗೆ ಬರೆದುಕೊಳ್ಳಲು ಒಪ್ಪಲಿಲ್ಲ. ಭಾಯಿಯೂ ತಲೆಯಾಡಿಸಿದರು. "ಬೇಡ ಬೇಟಿ. ಆ ಮಗು ಯಾರ್ದೂ ಅಲ್ಲ. ಹಂಗೇ ಇರ್ಲಿ."

ಷಟರಿನ ಮೇಲಿಂದ ಅಳಿಸುವುದು ಸುಲಭವಾಯಿತು. ಆದರೆ ಯೋಚಿಸಬಾರದು ಎಂದುಕೊಂಡಷ್ಟೂ ಆ ಹೆಸರು ನಾಲಿಗೆಯ ತುದಿಗೆ ಬರುತ್ತಿತ್ತು. ಆಫೀಸಿನಲ್ಲಿ ಯಾರೊಡನೆಯಾದರೂ ಮಾತಿಗಿಳಿಯುತ್ತಿದ್ದೆ. ಬಸ್ಸಿನಲ್ಲಿ ಅಂಗಡಿಗಳ ಬೋರ್ಡು ಓದುತ್ತಿದ್ದೆ, ಒಂದನ್ನೂ ಬಿಡದೆ.

ಆಯ್ಕೆಯ ಪಂದ್ಯ ಒಂದು ಭಾನುವಾರ ಬೆಳಿಗ್ಗೆ ಇತ್ತು. ನಾನು ಹೋಗಲಿಲ್ಲ. ಅಮ್ಮನಿಗೆ ಹೂವು ತರುತ್ತೇನೆಂದು ಹಲಸೂರು ಮಾರ್ಕೆಟ್ಟಿಗೆ ಹೋದೆ. ಬಿಸಿಲು ಚೆನ್ನಾಗಿ ಬಂದಿತ್ತು, ಜನ ಗಿಜಿಗುಡುತ್ತಿದ್ದರು. ಚರಂಡಿಯ ಚಪ್ಪಡಿ ದಾಟುತ್ತಿರುವಾಗ ನನ್ನ ಹೆಸರು ಕೇಳಿಸಿತು. ಹುಡುಗಿಯ ದನಿ. ದೂರದಿಂದ ಕೂಗಿದಂತಿರಲಿಲ್ಲ, ಕಿವಿಯ ಹಿಂದೆಯೇ ನಿಂತು ಕರೆದಂತಿತ್ತು. ತಿರುಗಿದೆ. ಚಪ್ಪಡಿ ತಪ್ಪಿತು. ಕೈ ಊರಿ ಬಿದ್ದೆ, ಮಣಿಕಟ್ಟಿನಲ್ಲಿ ಏನೋ ಮುರಿದದ್ದು ಗೊತ್ತಾಯಿತು.

ಹೂವಿನ ಹೆಂಗಸೊಬ್ಬಳು ಎಬ್ಬಿಸಿ ಕೂರಿಸಿದಳು. "ನನ್ನ ಕೂಗಿದ್ದು ಯಾರು?" ಎಂದು ಕೇಳಿದೆ.

"ಯಾರೂ ಕೂಗ್ಲಿಲ್ವಲ್ಲಮ್ಮ."

ಸಂಜೆ ಗೆಳತಿ ಮನೆಗೆ ಬಂದಳು. ನನ್ನ ಕೈಯ ಪ್ಲಾಸ್ಟರ್ ಮುಟ್ಟಿ ನೋಡಿದಳು. ಆಮೇಲೆ ಪಂದ್ಯದ ಕಥೆ ಹೇಳಿದಳು. ಹುಡುಗಿ ಚೆನ್ನಾಗಿ ಆಡಿದ್ದಳು, ಕ್ಯಾಂಪಿಗೆ ಆಯ್ಕೆಯಾಗಿದ್ದಳು. "ಒಂದ್ಸಲ ಮಾತ್ರ ನಿಂತ್ಬಿಟ್ಲು ಕಣೆ. ಪೆನಾಲ್ಟಿ ಕಾರ್ನರ್ ಟೈಮಲ್ಲಿ. ಕಣ್ಮುಚ್ಕೊಂಡು ತುಟಿ ಅಲ್ಲಾಡ್ಸಿದ್ಲು. ಆಮೇಲೆ ಹೊಡೆದ್ಲು ನೋಡು, ಕೀಪರ್ ಅಲ್ಲಾಡ್ಲೇ ಇಲ್ಲ."

"ಎಷ್ಟೊತ್ತಿಗೆ?"

ಅವಳು ಹೇಳಿದ ಹೊತ್ತಿಗೇ ನಾನು ಚಪ್ಪಡಿಯ ಮೇಲಿದ್ದೆ.

ಮುಂದಿನ ವಾರ ಲಿಂಗರಾಜಪುರದ ತಾಯಿ ಮಗಳು ಇಬ್ಬರೂ ನಮ್ಮ ಮನೆಗೆ ಬಂದರು. ತಾಯಿ ತಾವು ತಂದಿದ್ದ ಬನ್ನು, ಬಾಳೆಹಣ್ಣು ನನ್ನ ಅಮ್ಮನ ಕೈಗೆ ಕೊಟ್ಟು ಒಳಗೆ ಹೋದರು. ಹುಡುಗಿ ನನ್ನ ಮಂಚದ ಪಕ್ಕ ನಿಂತಳು. ಅಷ್ಟು ಹತ್ತಿರದಿಂದ ಅವಳನ್ನು ನೋಡಿದ್ದು ಅದೇ ಮೊದಲು. ಗಲ್ಲದ ಮೇಲೆ ಹಳೆಯ ಗಾಯದ ಗುರುತು, ಕಣ್ಣು ನೆಲದ ಮೇಲೆ.

"ಅಕ್ಕ, ನಾನೇ ಕರ್ದಿದ್ದು," ಎಂದಳು. "ಅವತ್ತು ಕಾರ್ನರ್ ಟೈಮಲ್ಲಿ ನಿಮ್ ದನಿ ಬರುತ್ತೆ ಅಂತ ಗೊತ್ತಾಯ್ತು. ಬರೋ ಮುಂಚೆ ಹಂಗೇ ಗೊತ್ತಾಗುತ್ತೆ, ಕತ್ತು ತಣ್ಣಗಾಗುತ್ತೆ. ನೀವು ಕರೆಯೋ ಮುಂಚೆ ನಾನೇ ಕರ್ದ್ಬಿಡೋಣ ಅಂತ ಮನಸ್ಸಲ್ಲೇ ಕರ್ದೆ. ನಿಮ್ಗೆ ಹಿಂಗಾಗುತ್ತೆ ಅಂತ ಗೊತ್ತಿರ್ಲಿಲ್ಲ."

"ನನ್ ಹೆಸ್ರು ಹೆಂಗೆ ಗೊತ್ತು?"

"ಅಮ್ಮ ಹೇಳಿದ್ರು."

ನನಗೆ ಸಿಟ್ಟು ಬರಲಿಲ್ಲ. ಭಯವಂತೂ ಆಯಿತು. ಅದರ ಜೊತೆಗೆ ಇನ್ನೊಂದು ಭಾವ ಬಂತು. ಅದನ್ನು ಆಗ ಯಾರಿಗೂ ಹೇಳಿಕೊಳ್ಳಲಾಗಲಿಲ್ಲ. ಮಂಡಿ ಹೋದ ಮೇಲೆ ಮೈದಾನದಿಂದ ಯಾರೂ ನನ್ನ ಹೆಸರು ಹಿಡಿದು ಕರೆದಿರಲಿಲ್ಲ. ಈ ಹುಡುಗಿ ಕರೆದಿದ್ದಳು.

"ಬೈತೀರಾ ಅಕ್ಕ?"

"ಇಲ್ಲ. ಚೆಂಡು ಯಾವ ಕಡೆಗೆ ಹೊಡೆದೆ?"

"ಬಲಗಡೆ, ಕೆಳಗೆ." ಆಗ ತಲೆ ಎತ್ತಿದಳು. "ಎಡಗಾಲು ಸ್ವಲ್ಪ ಮುಂದಿಟ್ಟೆ."

ಅದನ್ನು ಅವಳಿಗೆ ಹೇಳಿಕೊಟ್ಟವರು ಯಾರೆಂದು ನಾನು ಕೇಳಲಿಲ್ಲ.

ಭಾಯಿ ಒದ್ದೆ ಬಟ್ಟೆಯಿಂದ ಷಟರ್ ಒರೆಸಿದರು, ಮೂರೂ ಗೆರೆಗಳನ್ನು. ಗೆಳತಿಯ ಹುಡುಗಿಯರೂ ಭಾಯಿಯ ಹುಡುಗಿಯರೂ ಏನೂ ಆಗದೆ ಆ ವರ್ಷ ಆಡಿ ಮುಗಿಸಿದರು. ಲಿಂಗರಾಜಪುರದ ಹುಡುಗಿ ಕೆಲವು ವರ್ಷ ರಾಜ್ಯಕ್ಕೆ ಆಡಿದಳು, ಆಟದ ಕೋಟಾದಲ್ಲಿ ಕೆಲಸ ಸಿಕ್ಕಿತು, ಕೆ.ಆರ್. ಪುರದಲ್ಲಿ ಮಕ್ಕಳಿಗೆ ಹಾಕಿ ಕಲಿಸತೊಡಗಿದಳು. ಯಾವತ್ತಾದರೂ ಕತ್ತು ತಣ್ಣಗಾಗುತ್ತದೆಯೇ ಎಂದು ಒಮ್ಮೆ ಫೋನಿನಲ್ಲಿ ಕೇಳಿದ್ದೆ. ಇಲ್ಲ ಎಂದಳು, ಸ್ವಲ್ಪ ತಡೆದು.

ನಾನು ಈಗಲೂ ಮ್ಯಾಚ್ ನೋಡಲು ಹೋಗುತ್ತೇನೆ. ಆಟಗಾರರನ್ನು ಬೆನ್ನಿನ ನಂಬರಿನಿಂದಷ್ಟೇ ಗುರುತಿಸುತ್ತೇನೆ. ಒಮ್ಮೆ ಲಿಂಗರಾಜಪುರದವಳು ಕಲಿಸುವ ಮಕ್ಕಳ ತಂಡದ ಪಂದ್ಯಕ್ಕೆ ಹೋಗಿದ್ದಾಗ ಅವಳು ವಿರಾಮದಲ್ಲಿ ಬಂದು ನನ್ನ ಪಕ್ಕ ಕೂತಳು.

"ಆ ಏಳನೇ ನಂಬರ್ ಹೆಂಗಿದಾಳೆ ಅಕ್ಕ?"

"ಕೈ ಚೆನ್ನಾಗಿದೆ. ಭುಜ ಸ್ವಲ್ಪ ಇಳಿಸ್ಬೇಕು."

"ಅವಳ ಹೆಸ್ರು..."

"ಬೇಡ," ಎಂದೆ.

ಅವಳು ಒತ್ತಾಯ ಮಾಡಲಿಲ್ಲ. ಸೀಟಿ ಊದಿದರು, ಅವಳು ಎದ್ದು ಹೋಗಿ ಮೈದಾನದ ಗೆರೆಯ ಪಕ್ಕ ನಿಂತಳು. ಏಳನೇ ನಂಬರಿನ ಹುಡುಗಿ ಕೊನೆಯವರೆಗೂ ಆಡಿದಳು. ಅವರ ತಂಡ ಸೋತಿತು.