ಕೆಂಪು ಬಸ್ಸಿನ ನಕಲು

ಪಾಲಿಕಾರ್ಬನೇಟ್ ಎಂಬ ಪ್ಲಾಸ್ಟಿಕ್ ಹಾಳೆ ಕಾದಾಗ ಬರುವ ವಾಸನೆ ಈಗಲೂ ಮೂಗಿನಲ್ಲಿದೆ. ಆ ವಾಸನೆಯ ಜೊತೆಗೆ ನನ್ನದೇ ಮುಖವೂ ನೆನಪಾಗುತ್ತದೆ.

ಎರಡು ಸಾವಿರದ ಇಸವಿಯ ಆಚೀಚಿನ ವರ್ಷಗಳು. ಬನಶಂಕರಿಯಲ್ಲಿ ಬಾಡಿಗೆಗಿದ್ದೆ. ಭಾನುವಾರ ಬೆಳಿಗ್ಗೆ ನಾವು ಐದಾರು ಗೆಳೆಯರು ರಿಮೋಟ್ ಕಾರುಗಳನ್ನು ಎತ್ತಿಕೊಂಡು ಗೊಟ್ಟಿಗೆರೆ ಕಡೆಯ ಖಾಲಿ ಲೇಔಟಿಗೆ ಹೋಗುತ್ತಿದ್ದೆವು. ಎಲ್ಲರ ಕಾರಿನ ಮೇಲೂ ಹೊರದೇಶದ ರೇಸ್ ಕಾರುಗಳ ಬಾಡಿ: ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹೊದಿಕೆ, ಒಳಗಡೆಯಿಂದ ಬಣ್ಣ.

ಪಕ್ಕದ ಮನೆಯಲ್ಲಿ ಒಬ್ಬ ಹಿರಿಯರಿದ್ದರು. ಎರಕದ ಕಾರ್ಖಾನೆಯಲ್ಲಿ ಮರದ ಅಚ್ಚು ಕೆತ್ತಿ ನಿವೃತ್ತರಾದವರು. ಮೊಮ್ಮಗಳ ರಿಮೋಟ್ ಕಾರಿಗೆಂದು ಅವರು ನಮ್ಮೂರಿನ ಕೆಂಪು ಸಿಟಿ ಬಸ್ಸನ್ನೇ ಮರದಲ್ಲಿ ಕೆತ್ತಿ, ತಿಲಕ್ ನಗರದ ಬೋರ್ಡ್ ಮಾಡುವ ಅಂಗಡಿಯಲ್ಲಿ ಹಾಳೆ ಕಾಯಿಸಿ, ಅದರ ಮೇಲೆ ಎಳೆದು ಬಾಡಿ ಮಾಡಿದ್ದರು. ಗೇಣಿಗಿಂತ ತುಸು ಉದ್ದ. ಕಿಟಕಿಯ ಸರಳುಗಳೂ ಇದ್ದವು.

"ಅಂಕಲ್, ನಂಗೂ ಒಂದು ಮಾಡ್ಕೊಡಿ" ಎಂದೆ.

"ಇದು ಮಗೂಗೆ ಅಂತ ಮಾಡಿದ್ದು. ಒಂದೇ ಸಾಕು. ನೀವೇ ಬೇರೆ ಏನಾದ್ರೂ ಕೆತ್ತಿ, ಹೇಳ್ಕೊಡ್ತೀನಿ" ಎಂದರು.

ಅಳತೆ ನೋಡಿಕೊಳ್ಳುತ್ತೇನೆಂದು ಬಸ್ಸನ್ನು ಒಂದು ದಿನಕ್ಕೆ ಕೇಳಿ ತಂದೆ. ಅಚ್ಚು ತೆಗೆಯಲು ಬಸ್ಸಿನ ಒಳಗೆ ಎಣ್ಣೆ ಸವರಿ ಪ್ಲಾಸ್ಟರ್ ಸುರಿದೆ. ಗಟ್ಟಿಯಾದ ಮೇಲೆ ತೆಗೆದರೆ ಅವರ ಕೆಂಪು ಬಣ್ಣ ಎರಡು ಕಡೆ ಕಿತ್ತು ಬಂತು. ಅಲ್ಲಿಗೆ ನಾನೇ ಬಣ್ಣ ಬಳಿದು, ಏನೂ ಆಗಿಲ್ಲವೆಂಬಂತೆ ವಾಪಸ್ ಕೊಟ್ಟೆ. "ಥ್ಯಾಂಕ್ಸ್ ಅಂಕಲ್" ಎಂದೂ ಹೇಳಿದೆ.

ಹೆಂಡತಿ ಕೇಕ್ ಮಾಡುವ ಓವನ್ನಿನಲ್ಲೇ ಹಾಳೆ ಕಾಯಿಸಿದೆ. ಮೊದಲ ಮೂರು ಹಾಳೆಗಳಲ್ಲಿ ಕಜ್ಜಿಯಂಥ ಗುಳ್ಳೆ ಎದ್ದವು. ಅಡುಗೆಮನೆ ತುಂಬ ಗಬ್ಬು. "ಸಾರಿನಲ್ಲೂ ಅದೇ ವಾಸನೆ, ಥೂ" ಎಂದು ಅವಳು ತಟ್ಟೆ ಸರಿಸಿ ಎದ್ದಳು. ನಾಲ್ಕನೆಯದು ಸರಿಯಾಗಿ ಬಂತು. ಕಾದ ಹಾಳೆಯನ್ನು ಅಚ್ಚಿನ ಮೇಲೆ ಹೊದಿಸಿ, ವ್ಯಾಕ್ಯೂಮ್ ಕ್ಲೀನರಿನಿಂದ ಕೆಳಗಿನ ಗಾಳಿ ಎಳೆದಾಗ ಅದು ಪ್ಲಾಸ್ಟರಿಗೆ ಚರ್ಮದಂತೆ ಅಂಟಿತು.

ಗೆಳೆಯರು ಕುಣಿದಾಡಿದರು. "ಮಗಾ, ಸಖತ್ತಾಗಿದೆ! ನೀನೇ ಕೆತ್ತಿದ್ಯಾ?" ಎಂದ ಒಬ್ಬ. "ಹ್ಞೂಂ" ಎಂದೆ. ಆಮೇಲೆ ಅವರಿಗೂ ನಾಲ್ಕು ಮಾಡಿಕೊಟ್ಟೆ.

ಮುಂದೊಂದು ಭಾನುವಾರ ನನ್ನನ್ನು ಕರೆದೊಯ್ಯಲು ಬಂದ ಆ ಗೆಳೆಯ, ಗೇಟಿನ ಬಳಿ ನಿಂತಿದ್ದ ಹಿರಿಯರನ್ನೂ ಕರೆದುಬಿಟ್ಟ: "ಬನ್ನಿ ಅಂಕಲ್, ಇವನು ಮಾಡಿರೋ ಬಸ್ ಓಡೋದು ನೋಡಿ." ಅವರು ಖುಷಿಯಿಂದ ಗೆಳೆಯನ ಕಾರು ಹತ್ತಿದರು. ದಾರಿಯುದ್ದಕ್ಕೂ ನನ್ನ ಬಸ್ಸನ್ನು ಕಾಲ ಬಳಿ ಚೀಲದಲ್ಲೇ ಮುಚ್ಚಿಟ್ಟುಕೊಂಡಿದ್ದೆ.

ಮಣ್ಣಿನಲ್ಲಿ ಐದು ಕೆಂಪು ಬಸ್ಸುಗಳು ಓಡಿದವು. ಅವರು ಒಂದನ್ನು ಎತ್ತಿ ಮುಂಭಾಗದ ಎಡಮೂಲೆಯನ್ನು ಹೆಬ್ಬೆರಳಲ್ಲಿ ಸವರಿದರು. ಇನ್ನೊಂದನ್ನೂ ಎತ್ತಿ ಅಲ್ಲೇ ಸವರಿದರು.

"ಇಲ್ಲಿ ನಂಗೆ ಉಳಿ ಜಾರಿತ್ತು" ಎಂದರು, ನನಗಷ್ಟೇ ಕೇಳುವಂತೆ. "ಇದನ್ನಾದ್ರೂ ಉಜ್ಜಿ ತೆಗೀಬಾರ್ದಿತ್ತಾ?"

ಗೆಳೆಯರೆದುರು ನನ್ನನ್ನು ಬಿಟ್ಟುಕೊಡದೆ ಬಸ್ಸನ್ನು ಮತ್ತೆ ಮಣ್ಣಿನಲ್ಲಿಟ್ಟರು. ಅವರು ಬೈದಿದ್ದರೆ ಚೆನ್ನಾಗಿತ್ತು. ಅದಕ್ಕಿಂತ ಹೇಸಿಗೆಯ ಸಂಗತಿ ಮುಂದಿನದು: ಆಮೇಲೂ ಕೇಳಿದವರಿಗೆ ಇಲ್ಲವೆನ್ನಲಾಗದೆ ಇನ್ನೆರಡು ಬಸ್ಸು ಮಾಡಿಕೊಟ್ಟೆ. ಈ ಸಲ ಆ ಗೀರನ್ನು ಉಜ್ಜಿ ತೆಗೆದಿದ್ದೆ.

ಕೊನೆಗೆ ತಡೆಯಲಾಗದೆ ಪ್ಲಾಸ್ಟರ್ ಅಚ್ಚನ್ನು ಹೊತ್ತು ಅವರ ಮನೆಗೆ ಹೋದೆ. "ತಪ್ಪಾಯ್ತು ಅಂಕಲ್. ಇದು ನಿಮ್ಮ ಹತ್ರಾನೇ ಇರ್ಲಿ" ಎಂದೆ.

"ನಂಗ್ಯಾಕೆ? ಮರದ್ದು ಇದೆಯಲ್ಲ" ಎಂದರು. ಬಾಗಿಲಲ್ಲೇ ಅಚ್ಚಿನ ಮೇಲೆ ಬೆರಳಾಡಿಸುತ್ತ ಕೇಳಿದರು: "ಗುಳ್ಳೆ ಬಂತಾ?"

"ಮೊದಲು ಬಂತು."

"ಹಾಳೆ ತೇವ ಎಳ್ಕೊಂಡಿರುತ್ತೆ. ಸಣ್ಣ ಉರೀಲಿ ಗಂಟೆಗಟ್ಲೆ ಒಣಗಿಸ್ಬೇಕು. ಕೇಳಿದ್ರೆ ಹೇಳ್ತಿದ್ದೆ."

ಮನೆಗೆ ಬಂದು ಹಿತ್ತಲಲ್ಲಿ ಅಚ್ಚನ್ನು ಸುತ್ತಿಗೆಯಿಂದ ಒಡೆದೆ. ಬಿಳಿ ಪುಡಿ ಮೂಗಿಗೂ ಬಾಯಿಗೂ ಹೋಯಿತು. ಎಷ್ಟು ಉಗಿದರೂ ನಾಲಿಗೆಯ ಮೇಲೆ ಸುಣ್ಣದ ರುಚಿ ಉಳಿದಿತ್ತು.