ಶನಿವಾರದ ಮಾತಿನ ಪಾಠ

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಧಾರವಾಡದಲ್ಲಿ ಕನ್ನಡ ಎಂ.ಎ. ಓದುತ್ತಿದ್ದೆ. ಗುಡ್ಡದ ಮೇಲಿನ ಆ ವಿಶ್ವವಿದ್ಯಾಲಯದ ಎರಡು ವರ್ಷಗಳಲ್ಲಿ ಈಗಲೂ ಕಣ್ಣಿಗೆ ಕಟ್ಟಿದಂತಿರುವುದು ಶನಿವಾರದ ಮಧ್ಯಾಹ್ನಗಳು. ಊಟದ ಮೇಲಿನ ಜೊಂಪು, ಕಿಟಕಿಯಿಂದ ಬರುವ ಗಾಳಿ, ಕೆಳಗೆ ಬಿಸಿಲಲ್ಲಿ ತೂಕಡಿಸುವ ಊರು. ಆ ಹೊತ್ತಿನಲ್ಲಿ ನಮಗೆ ಹಳಗನ್ನಡ ಕಲಿಸುತ್ತಿದ್ದ ಪ್ರಾಧ್ಯಾಪಕರು ಪಠ್ಯದಲ್ಲಿಲ್ಲದ ಪಾಠವೊಂದನ್ನು ತಾವಾಗಿಯೇ ಶುರು ಮಾಡಿದ್ದರು. ವಾರಕ್ಕೆ ಇಬ್ಬರು ಎದ್ದು ನಿಂತು, ಕೈಯಲ್ಲಿ ಚೀಟಿಯಿಲ್ಲದೆ, ಹತ್ತು ನಿಮಿಷ ಮಾತನಾಡಬೇಕು. ನಾಳೆ ನೀವೆಲ್ಲ ಕಲಿಸಲಿಕ್ಕೆ ಹೋಗುವವರು, ಮಾತು ಬರದಿದ್ದರೆ ನಿಮ್ಮ ವಿದ್ಯೆ ಟ್ರಂಕಿನಲ್ಲಿಟ್ಟ ರೇಶಿಮೆ ಸೀರೆಯಾಗುತ್ತದೆ ಎಂದು ಹೇಳುತ್ತಿದ್ದರು.

ತರಗತಿಯಲ್ಲಿ ನಾವು ಹುಡುಗಿಯರು ಮೂವರೇ. ನನ್ನ ಸರದಿ ದಸರೆ ಕಳೆದ ಮೇಲೆ ಬಂತು. ಸ್ತ್ರೀಶಿಕ್ಷಣದ ಬಗ್ಗೆ ಎರಡು ಪುಸ್ತಕಗಳಿಂದ ಬರೆದುಕೊಂಡು, ಒಂದು ಅಕ್ಷರ ತಪ್ಪದ ಹಾಗೆ ಬಾಯಿಪಾಠ ಮಾಡಿದ್ದೆ. ಎದ್ದು ಹೋಗಿ ಮೇಜಿನ ಪಕ್ಕ ನಿಂತೆ. ಕಿಟಕಿಯಾಚೆ ಒಂದು ಹದ್ದು ರೆಕ್ಕೆ ಅಲುಗಿಸದೆ ತೇಲುತ್ತಿತ್ತು. ಅದನ್ನೇ ನೋಡುತ್ತ ಶುರು ಮಾಡಿದೆ. ವಾಕ್ಯಗಳು ಒಂದರ ಹಿಂದೊಂದು ಸರಾಗವಾಗಿ ಬಂದವು. ನನಗೇ ಆಶ್ಚರ್ಯವಾಗುವಷ್ಟು ಹಗುರಾಗಿ, ನೀರಿನೊಳಗೆ ನಡೆಯುವವಳಂತೆ ಮಾತನಾಡುತ್ತ ಹೋದೆ. ಆಗ ಹಿಂದಿನ ಬೆಂಚಿನಿಂದ ಒಬ್ಬ, "ಸರ್, ಏನೂ ಕೇಳಸವಲ್ದು" ಅಂದ.

ಆಮೇಲೆ ಗೊತ್ತಾಯಿತು. ಮೂರ್ನಾಲ್ಕು ನಿಮಿಷ ನಾನು ಬರೀ ತುಟಿ ಆಡಿಸಿದ್ದೆ. ದನಿಯೇ ಹೊರಬಂದಿರಲಿಲ್ಲ.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ತರಗತಿ ಮುಗಿದ ಮೇಲೆ ಪ್ರಾಧ್ಯಾಪಕರು ನನ್ನನ್ನು ನಿಲ್ಲಿಸಿ, ಗಂಟಲಿಗೆ ಏನಾದರೂ ಬೇನೆಯೇ ಎಂದು ಕೇಳಿದರು. ಇಲ್ಲವೆಂದೆ. ಮನೆಯಲ್ಲಿ ಹೇಗೆ ಮಾತನಾಡುತ್ತೀ ಎಂದು ಕೇಳಿದರು. ಎಲ್ಲರ ಹಾಗೆಯೇ ಎಂದು ಸುಳ್ಳು ಹೇಳಿದೆ.

ನಮ್ಮ ಮನೆ ದಾಂಡೇಲಿಯಲ್ಲಿ, ಕಾಗದದ ಗಿರಣಿಯ ಕೆಲಸಗಾರರ ವಸತಿಯಲ್ಲಿ. ಅಪ್ಪ, ಅವ್ವ, ನಾನು, ಮೂರೇ ಜನ. ಅಪ್ಪ ಬೆಳಗಾವಿ ಕಡೆಯ ಹಳ್ಳಿಯವರು. ಐದನೆಯ ವರ್ಷಕ್ಕೆ ಜ್ವರ ಬಂದು ಅವರ ಎರಡೂ ಕಿವಿ ಹೋಗಿದ್ದವು. ಅಷ್ಟರಲ್ಲಿ ಮಾತು ಬಂದಿದ್ದರಿಂದ ಮಾತು ಉಳಿದಿತ್ತು, ಕೇಳುವುದು ಮಾತ್ರ ಕಣ್ಣಿನಿಂದ. ಎದುರಿಗೆ ನಿಂತವರ ತುಟಿ ನೋಡಿ ಎಲ್ಲವನ್ನೂ ತಿಳಿದುಕೊಳ್ಳುತ್ತಿದ್ದರು. ಹೀಗಾಗಿ ನಮ್ಮ ಮನೆಯಲ್ಲಿ ಮಾತಿಗೆ ದನಿ ಬೇಕಿರಲಿಲ್ಲ. ಅಪ್ಪನೆದುರು ಅವ್ವನೂ ನಾನೂ ಬರೀ ತುಟಿಯಲ್ಲಿ ಮಾತನಾಡುತ್ತಿದ್ದೆವು, ಮೂವರೂ ಹಾಗೆಯೇ ತಾಸುಗಟ್ಟಲೆ ಹರಟೆ ಹೊಡೆದು ನಗುತ್ತಿದ್ದೆವು. ಹೊರಗಿನವರಿಗೆ ಅದು ಮೌನದ ಮನೆ ಅನ್ನಿಸುತ್ತಿದ್ದಿರಬೇಕು. ನನಗೆ ಅದು ಊರಲ್ಲೆಲ್ಲ ಹೆಚ್ಚು ಮಾತಿನ ಮನೆ.

ಹಾಸ್ಟೆಲಿನಲ್ಲಿ ಮಾತ್ರ ಇದನ್ನು ಯಾರಿಗೂ ಹೇಳಿರಲಿಲ್ಲ. ವಕೀಲರ, ತಾಲೂಕಿನ ಅಧಿಕಾರಿಗಳಾದ ಮಾಮಲೇದಾರರ ಮಕ್ಕಳ ನಡುವೆ ಅಪ್ಪ ಗಿರಣಿಯಲ್ಲಿದ್ದಾರೆ ಎಂದಷ್ಟೇ ಹೇಳಿ ಸುಮ್ಮನಾಗಿದ್ದೆ.

ದೀಪಾವಳಿ ರಜೆಗೆ ಅಳ್ನಾವರದಲ್ಲಿ ಗಾಡಿ ಬದಲಿಸಿ ಊರಿಗೆ ಹೊರಟೆ. ದಾಂಡೇಲಿಯ ರೈಲಿಗೆ ಯಾವತ್ತೂ ಅವಸರವಿಲ್ಲ. ಸಾಗುವಾನಿ ಕಾಡಿನ ನಡುವೆ ಅದು ತೆವಳುವಾಗ ಅಗಲವಾದ ಎಲೆಗಳು ಒಂದೊಂದಾಗಿ ಕಳಚಿ, ಗಾಳಿಯಲ್ಲಿ ಹೊರಳುತ್ತ ಕಿಟಕಿಯ ಮುಂದೆ ಇಳಿಯುತ್ತಿದ್ದವು. ನಾನು ಆ ದಾರಿಯುದ್ದಕ್ಕೂ ಎಚ್ಚರವಾಗಿದ್ದೆನೋ ಮಲಗಿದ್ದೆನೋ ಹೇಳಲಾರೆ. ಗಾಡಿ ನಿಂತು, ಬೇಯಿಸಿದ ಬಿದಿರಿನ ವಾಸನೆ ಮೂಗಿಗೆ ಬಡಿದಾಗ ಊರು ಬಂತೆಂದು ಗೊತ್ತಾಯಿತು.

ಮನೆ ಮುಟ್ಟಿದ ದಿನವೇ ಅಪ್ಪನಿಗೆ ನಡೆದದ್ದನ್ನು ಹೇಳಿದೆ. ಅವರಿಗಾಗಿ ತುಟಿಯಲ್ಲಿ ಮಾತನಾಡಿ ಮಾತನಾಡಿ ನನ್ನ ದನಿ ಹೋಯಿತು ಎಂದು ಮಾತ್ರ ಹೇಳಲಿಲ್ಲ. ಅಪ್ಪನಿಗೆ ಹೇಳದೆಯೇ ತಿಳಿಯಿತೆಂದು ಕಾಣುತ್ತದೆ. ಮರುದಿನ ಅವರದು ಮುಂಜಾನೆಯ ಪಾಳಿ. ಕೆಲಸ ಮುಗಿಸಿ ಬಂದವರೇ ಸೈಕಲ್ಲಿನ ಹಿಂದೆ ನನ್ನನ್ನು ಕೂಡಿಸಿಕೊಂಡು ಮೌಳಂಗಿಗೆ ಹೊರಟರು. ಅಲ್ಲಿ ಕಾಳಿ ನದಿ ಬಂಡೆಗಳ ನಡುವೆ ಹರಡಿಕೊಂಡು ಹರಿಯುತ್ತದೆ. ಅಪ್ಪ ಒಂದು ಬಂಡೆಯ ಮೇಲೆ ಕೂತು, ತರಗತಿಯಲ್ಲಿ ಹೇಳಿದ್ದನ್ನೇ ಹೇಳು ಅಂದರು.

ನಾನು ಹೇಳಿದೆ. ಸ್ವಲ್ಪ ಹೊತ್ತಿಗೆ ಅವರು ನನ್ನ ಮುಖ ಬಿಟ್ಟು ನೀರು ನೋಡತೊಡಗಿದರು. ಯಾಕೆಂದು ಕೇಳಿದ್ದಕ್ಕೆ, "ನಿನ್ನ ಕಣ್ಣು ಮ್ಯಾಲ ಹೋಗ್ಯಾವು. ನೀ ಯಾವದೋ ಪುಸ್ತಕ ಓದಾಕತ್ತಿ, ನನ್ನ ಜೋಡಿ ಮಾತಾಡವಲ್ಲಿ" ಅಂದರು.

ಆಮೇಲೆ ನನ್ನ ಬಲಗೈ ಹಿಡಿದು ನನ್ನದೇ ಎದೆಯ ಮೇಲಿಟ್ಟರು. ಗಿರಣಿಯ ಯಂತ್ರಶಾಲೆಯಲ್ಲಿ ಅವರು ಕಬ್ಬಿಣದ ಕಟಕಟೆಗೆ ಅಂಗೈ ಹಚ್ಚಿ, ಯಂತ್ರ ಸರಿಯಾಗಿ ಓಡುತ್ತಿದೆಯೋ ಇಲ್ಲವೋ ಹೇಳಬಲ್ಲವರಾಗಿದ್ದರು. ಅವ್ವ ಬೀಸುವಾಗ ಹಾಡುವ ಪದವೂ ಅವರಿಗೆ ಗೊತ್ತಿದ್ದದ್ದು ಬೀಸುಕಲ್ಲಿನ ಮೇಲೆ ಕೈಯಿಟ್ಟು. ದನಿ ಎಂದರೆ ಅವರ ಪಾಲಿಗೆ ಒಂದು ನಡುಕ. "ಅಲ್ಲಿ ನಡಗಬೇಕು" ಎಂದು ಎದೆ ತೋರಿಸಿದರು. "ನಡಗಲಿಲ್ಲ ಅಂದ್ರ ದನಿ ಬಂದಿಲ್ಲ ಅಂತ ತಿಳಕೋ."

ಅಂದು ನದಿಯ ಆಚೆ ದಡದಲ್ಲಿ ಒಬ್ಬ ಹೆಂಗಸು ಬಟ್ಟೆ ಒಗೆಯುತ್ತಿದ್ದಳು. ನಾನು ಅಂಗೈಗೆ ನಡುಕ ಸಿಗುವವರೆಗೆ ಅದನ್ನೂ ಇದನ್ನೂ ಮಾತನಾಡುತ್ತ ಹೋದೆ. ಅವ್ವನ ಬಗ್ಗೆ, ರೈಲಿನ ಬಗ್ಗೆ, ಹಾಸ್ಟೆಲಿನ ತೆಳ್ಳನೆಯ ಸಾರಿನ ಬಗ್ಗೆ. ಬಿಸಿಲು ಬಂಡೆಯಿಂದ ಬಂಡೆಗೆ ಸರಿಯಿತು. ಎಲ್ಲೋ ಒಂದು ಮಾತಿಗೆ ಆಚೆಯ ಹೆಂಗಸು ಬಟ್ಟೆ ಹಿಡಿದುಕೊಂಡೇ ತಲೆಯೆತ್ತಿ ನಮ್ಮ ಕಡೆ ನೋಡಿದಳು. ಅಪ್ಪ ಅವಳನ್ನು ತೋರಿಸಿ ತಲೆಯಾಡಿಸಿದರು. ರಜೆಯ ಹದಿನೈದು ದಿನವೂ, ಪಾಳಿ ನೋಡಿಕೊಂಡು, ನಾವು ನದಿಗೆ ಹೋದೆವು.

ಜನವರಿಯಲ್ಲಿ ಪ್ರಾಧ್ಯಾಪಕರು ನಮ್ಮ ತರಗತಿಯನ್ನು ಹಳಿಯಾಳ ತಾಲೂಕಿನ ಸಾಂಬ್ರಾಣಿಗೆ ಶ್ರಮದಾನದ ಶಿಬಿರಕ್ಕೆ ಕರೆದುಕೊಂಡು ಹೋದರು. ಮುಂಜಾನೆ ಶಾಲೆಯಿಂದ ಕೆರೆಯ ಏರಿಗೆ ರಸ್ತೆ ಮಾಡಲು ಮಣ್ಣು ಹೊರುವುದು, ಇಳಿಹೊತ್ತಿಗೆ ಶಾಲೆಯ ಅಂಗಳದಲ್ಲಿ ಊರವರೆದುರು ಒಬ್ಬೊಬ್ಬರೇ ಮಾತನಾಡುವುದು. ನಾಲ್ಕನೆಯ ದಿನ ನನ್ನನ್ನು ಹಾಕಿದರು. ವಿಷಯ, ಓದಿನ ಪ್ರಯೋಜನ. ನಾನು ಸಾಂಬ್ರಾಣಿಯಲ್ಲಿದ್ದೇನೆ, ಇಂಥ ದಿನ ನನ್ನ ಭಾಷಣ ಎಂದು ಮನೆಗೆ ಒಂದು ಕಾರ್ಡು ಬರೆದಿದ್ದೆ. ಬನ್ನಿ ಎಂದು ಬರೆದಿರಲಿಲ್ಲ.

ಅಂಗಳದಲ್ಲಿ ಒಂದು ಕಡೆ ಗಂಡಸರು, ಇನ್ನೊಂದು ಕಡೆ ಕೂಸುಗಳನ್ನು ತೊಡೆಯ ಮೇಲೆ ಹಾಕಿಕೊಂಡ ಹೆಂಗಸರು ಕೂತಿದ್ದರು. ನಾನು ಎದ್ದು ನಿಂತಾಗ, ಗಂಡಸರ ಎರಡನೆಯ ಸಾಲಿನಲ್ಲಿ ಅಪ್ಪ ಕಂಡರು. ಇಸ್ತ್ರಿ ಮಾಡಿದ ಅಂಗಿ, ಬಿಳಿ ಟೊಪ್ಪಿಗೆ. ಪಾಳಿ ಮುಗಿಸಿ, ಹಳಿಯಾಳದಲ್ಲಿ ಬಸ್ಸು ಬದಲಿಸಿ ಬಂದಿದ್ದರು. ನನ್ನ ಬಾಯಿಯನ್ನೇ ನೋಡುತ್ತಿದ್ದರು.

ಕಲಿತುಕೊಂಡು ಹೋಗಿದ್ದ ಮೊದಲ ವಾಕ್ಯ ಬಿಟ್ಟುಬಿಟ್ಟೆ. ಅಪ್ಪನಿಗೆ ಹೇಳುವಂತೆ, ನಿಧಾನವಾಗಿ, ಕಾಡಿನ ಬಿದಿರು ಹೇಗೆ ಲಾರಿಯಲ್ಲಿ ಇಳಿದು ಬಂದು, ಬೆಂದು, ಅರೆದು, ಮಕ್ಕಳು ಬರೆಯುವ ಹಾಳೆಯಾಗುತ್ತದೆ ಎಂದು ಹೇಳತೊಡಗಿದೆ. ಎದೆಯಲ್ಲಿ ನಡುಕ ಸಿಕ್ಕಿತು. ಕೆರೆಯ ಮೇಲಿನಿಂದ ಹಳದಿ ಬೆಳಕು ಬಂದು ಎಲ್ಲರ ಮುಖದ ಮೇಲೆ ಕೂತಿತ್ತು. ಆ ಮುಖಗಳೆಲ್ಲ ಹತ್ತಿರಕ್ಕೆ, ಕೈಚಾಚಿದರೆ ಸಿಗುವಷ್ಟು ಹತ್ತಿರಕ್ಕೆ ಬಂದಂತೆ ಅನ್ನಿಸಿತು. ನಾನು ನಿಂತದ್ದು ಶಾಲೆಯ ಅಂಗಳದಲ್ಲೋ ನಮ್ಮನೆಯ ಪಡಸಾಲೆಯಲ್ಲೋ ಎಂಬುದು ಮಸುಕಾಯಿತು.

ಕೊನೆಗೆ ಬಂದಾಗ ಬೇರೊಂದು ಮಾತು ನಾಲಿಗೆಗೆ ಬಂತು. ಅದನ್ನು ಅಪ್ಪನ ಮುಖ ನೋಡುತ್ತ ಹೇಳಲಾಗದೆ ಹೆಂಗಸರ ಕಡೆ ತಿರುಗಿದೆ. ನನ್ನ ತಂದೆಗೆ ಕಿವಿ ಕೇಳುವುದಿಲ್ಲ, ಓದಿದ್ದು ಎರಡನೆಯ ಇಯತ್ತೆ, ಆದರೆ ನನಗೆ ಮಾತನಾಡಲು ಕಲಿಸಿದವರು ಅವರೇ ಎಂದು ಹೇಳಿ ಕೂತುಬಿಟ್ಟೆ. ಮುಂದಿದ್ದ ಅಜ್ಜಿಯೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಪ್ರಾಧ್ಯಾಪಕರು ಎದ್ದು ಗಂಡಸರ ಸಾಲಿನತ್ತ ಹೋಗಿ, ಯಾರು ಎಂದು ಕೇಳದೆಯೇ, ಮಾತಿನುದ್ದಕ್ಕೂ ನನ್ನ ತುಟಿಯನ್ನೇ ನೋಡುತ್ತಿದ್ದ ಅಪ್ಪನನ್ನು ಗುರುತಿಸಿ ಕೈಮುಗಿದರು.

ಅಪ್ಪನ ಬಸ್ಸಿಗೆ ಇನ್ನೂ ಹೊತ್ತಿತ್ತು. ಇಬ್ಬರೂ ಬಸ್ಸು ನಿಲ್ಲುವಲ್ಲಿಗೆ ನಡೆದುಕೊಂಡು ಹೋದೆವು. ನನ್ನ ತುಟಿ ಕಾಣಲೆಂದು ಅಪ್ಪ ಯಾವತ್ತಿನಂತೆ ಅಡ್ಡಡ್ಡ ನಡೆಯುತ್ತಿದ್ದರು. ಬಿದಿರಿನ ವಿಷಯ ಹೇಳಿದ್ದರಲ್ಲಿ ಒಂದು ಹಂತ ಹಿಂದೆಮುಂದಾಗಿದೆ ಎಂದು ತಿದ್ದಿದರು. ಆಮೇಲೆ ನಿಂತರು.

"ಕಡೀಕ ಹೆಣ್ಮಕ್ಕಳ ಕಡೆ ತಿರಗಿ ಏನೋ ಅಂದೆಲ್ಲ, ಅದೊಂದು ನನಗ ಸಿಗಲಿಲ್ಲ. ಆ ಮುದುಕಿ ಯಾಕ ಅತ್ತಳು?"

ಏನೂ ಇಲ್ಲ ಎಂದು ತಪ್ಪಿಸಿಕೊಳ್ಳಬಹುದಿತ್ತು. ದಾರಿಯಲ್ಲಿ ಯಾರೂ ಇರಲಿಲ್ಲ. ನಾನು ಅವರೆದುರು ನಿಂತು, ದನಿ ತೆಗೆದೇ, ಮೂರೂ ಮಾತುಗಳನ್ನು ಇನ್ನೊಮ್ಮೆ ಹೇಳಿದೆ.

ಅಪ್ಪ ಹೊಲದ ಕಡೆ ಮುಖ ತಿರುಗಿಸಿದರು. ಸಿಟ್ಟಾದರೋ ಎಂದು ನಾನು ಅಂಜಿದೆ.

"ಕಿವಿ ಕೇಳಸೂದಿಲ್ಲ ಅಂದಿದ್ದು ಖರೇ ಐತಿ" ಅಂದರು. "ಕಲಿಸಿದೆ ಅಂದಿದ್ದು ಜರಾ ಹೆಚ್ಚಾತು."

ಟೊಪ್ಪಿಗೆ ತೆಗೆದು, ಜಾಡಿಸಿ, ಮತ್ತೆ ಹಾಕಿಕೊಂಡರು. ಬಸ್ಸು ಬಂತು, ಹತ್ತಿ ಹೋದರು.

ನಾನು ಶಿಬಿರಕ್ಕೆ ಮರಳಿದಾಗ ಉಳಿದಿಬ್ಬರು ಹುಡುಗಿಯರು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಅವತ್ತು ಸರದಿ ನನ್ನದೂ ಇತ್ತು. ಹಿಟ್ಟಿಗೆ ಕೈ ಹಾಕಿದೆ. ಅವರಲ್ಲೊಬ್ಬಳು, ಮಾಮಲೇದಾರರ ಮಗಳು, ತಲೆ ತಗ್ಗಿಸಿಕೊಂಡೇ, ನಿಮ್ಮ ಮನೆಯಲ್ಲಿ ಒಬ್ಬರನ್ನೊಬ್ಬರು ಹೇಗೆ ಕರೆಯುತ್ತೀರಿ ಎಂದು ಕೇಳಿದಳು. ನೆಲಕ್ಕೆ ಕಾಲು ಬಡಿಯುತ್ತೇವೆ, ಆ ಅದುರು ಅಪ್ಪನಿಗೆ ತಿಳಿಯುತ್ತದೆ ಅಂದೆ. ಅಡುಗೆ ಮುಗಿಯುವವರೆಗೂ ಅವರು ಕೇಳುತ್ತ ಹೋದರು, ನಾನು ಹೇಳುತ್ತ ಹೋದೆ. ಎರಡು ರೊಟ್ಟಿ ಸೀದವು. ಆ ಬೇಸಿಗೆಯ ರಜೆಗೆ ಮಾಮಲೇದಾರರ ಮಗಳು ದಾಂಡೇಲಿಗೆ ಬಂದು ನಮ್ಮ ಮನೆಯಲ್ಲಿ ಎಂಟು ದಿನ ಇದ್ದಳು. ನಾಲ್ಕನೆಯ ದಿನದ ಹೊತ್ತಿಗೆ ಅಪ್ಪನೂ ಅವಳೂ ನನ್ನ ಬಗ್ಗೆ ಏನೋ ಹೇಳಿಕೊಂಡು, ಸದ್ದಿಲ್ಲದೆ ನಗುತ್ತ ಕೂತಿದ್ದರು.